ಹಿಂಬಾಗಿಲ ಗಾಜು

ಮೆಕ್ಯಾನಿಕ್ ಮೊ ದಾಗುವಾಂಗ್ ಕಾರಿನ ಸೀಟಿನಲ್ಲಿ ಬಿದ್ದಿದ್ದ ಮೊಲದ ಕಿವಿಯನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಯಾರೂ ನೋಡಲಿಲ್ಲ.

ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಿವಿ. ಊಟ ತಲುಪಿಸುವ ಹುಡುಗರು ತಮಾಷೆಗೆಂದು ಹೆಲ್ಮೆಟ್ಟಿನ ಮೇಲೆ ಸಿಕ್ಕಿಸಿಕೊಳ್ಳುವಂಥದ್ದು. ಚೀನಾದ ಲಿಯುಜೌ ಊರಿನಲ್ಲಿ ಅಂಥವು ಸಾವಿರಾರು ಇದ್ದಾವು. ಆದರೆ ಇದರ ಬುಡಕ್ಕೆ ಕಪ್ಪು ಅಂಟು ಮೆತ್ತಿತ್ತು. ಕಾರಿನ ಮುಂದಿನ ಗಾಜು ಕೂರಿಸುವ ಅಂಟು. ಹೋದ ವಾರ ಮಗ ಆಲಿನ್‌ನ ಹೆಲ್ಮೆಟ್ಟಿಗೆ ಅದನ್ನು ಹಚ್ಚಿಕೊಟ್ಟವನು ಅವನೇ.

ಎದುರಿಗಿದ್ದದ್ದು ಬಿಳಿ ಎಲೆಕ್ಟ್ರಿಕ್ ಎಸ್‌ಯುವಿ. ಹಿಂದಿನ ಬಲಬಾಗಿಲಿಗೆ ಗಾಜಿಲ್ಲ. ಸೀಟಿನ ತುಂಬ ಗಾಜಿನ ಹರಳು. ಮಗುವನ್ನು ಕೂರಿಸುವ ಪುಟ್ಟ ಕುರ್ಚಿಯ ಸಂದುಗಳಲ್ಲೂ ಹರಳು.

"ಶೀಫು, ಇನ್ನೂ ಎಷ್ಟು ಹೊತ್ತು?" ಕಾರಿನ ಒಡತಿ ನಿಂಗ್ ಶ್ವೆ ಕೇಳಿದಳು. ಕೈಕೆಲಸ ಬಲ್ಲವರನ್ನು ಅಲ್ಲಿ ಶೀಫು, ಅಂದರೆ ಉಸ್ತಾದ್, ಎಂದೇ ಕರೆಯುವುದು. ಕೊಟ್ಟ ಸ್ಟೂಲಿನ ಮೇಲೆ ಅವಳು ಕೂತೇ ಇರಲಿಲ್ಲ.

"ಗಾಜು ಹಾಕೋದು ದೊಡ್ಡದಲ್ಲ ತಂಗಿ. ಬಾಗಿಲೊಳಗೆ ಬಿದ್ದಿರೋ ಚೂರು ತೆಗೀಬೇಕಲ್ಲ, ಅದೇ ಕೆಲಸ."

"ಬೇಗ ಮಾಡಿಕೊಡಿ. ಇಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಬೇಕು."

ಪಕ್ಕದ ನೂಡಲ್ಸ್ ಅಂಗಡಿಯ ಪಾನ್ ಸೌಟು ಹಿಡಿದುಕೊಂಡೇ ಬಂದಳು. ಈ ರಸ್ತೆಯ ಸುದ್ದಿಯೆಲ್ಲ ಮೊದಲು ಅವಳ ಬಾಯಿಗೇ ಬರುವುದು.

"ಅಯ್ಯೋ, ಇದೇನಾ ಆ ಕಾರು? ನಿನ್ನೆಯಿಂದ ಎಲ್ಲರ ಫೋನಲ್ಲೂ ಇದೇ. ಗಾಜು ಒಡೆದು ಮಗೂನ ಎತ್ಕೊಂಡು ಓಡ್ತಿದ್ನಂತೆ ಕಳ್ಳ. ಜನ ಹಿಡಿದು ಚೆನ್ನಾಗಿ ಇಕ್ಕಿ ಪೊಲೀಸರಿಗೆ ಕೊಟ್ಟಿದ್ದಾರೆ. ಮುಖ ಕಾಣಲ್ಲ, ಬರೀ ಹೆಲ್ಮೆಟ್ಟು." ಅವಳು ಮೊನ ಕಡೆ ತಿರುಗಿದಳು. "ಏ ಮೊ, ನಿನ್ನ ಮಗಾನೂ ಅದೇ ಬಣ್ಣದ ಬಟ್ಟೆ ಹಾಕೋದಲ್ವಾ? ನಾಲ್ಕು ದಿನ ಬಿಚ್ಚಿಟ್ಟಿರೋಕೆ ಹೇಳಪ್ಪ. ಕಿತ್ತಳೆ ಹಣ್ಣು ಕಂಡ್ರೂ ಹೊಡಿಯೋ ಹಾಗಿದ್ದಾರೆ ಜನ!"

ನಕ್ಕಳು. ಮೊ ಕೂಡ ನಕ್ಕ. ನಕ್ಕೆ ಎಂದುಕೊಂಡ, ಅಷ್ಟೆ.

"ಮಗು ಹೇಗಿದೆ?" ಎಂದ, ಪಾನ್ ಹೋದ ಮೇಲೆ.

"ಆಸ್ಪತ್ರೇಲಿದೆ. ಇವತ್ತು ಎರಡು ಚಮಚ ಗಂಜಿ ಕುಡೀತು."

"ನೀವು... ನೋಡಿದಿರಾ? ಒಡೆದವನನ್ನ?"

"ನಾನಿರಲಿಲ್ಲ. ನಮ್ಮನೆಯವರಿದ್ದರು. ಅವರು ಹೇಳಿಕೆ ಕೊಟ್ಟಾಗಿದೆ." ಅವಳು ಕಾರಿನ ಮುಂಭಾಗದ ದೊಡ್ಡ ಪರದೆಯತ್ತ ನೋಡಿದಳು. "ನಿಲ್ಲಿಸಿದಾಗಲೂ ಇದರ ಕ್ಯಾಮೆರಾ ನೋಡ್ತಾನೇ ಇರುತ್ತೆ ಶೀಫು. ಬೆಳಿಗ್ಗೆ ಒಬ್ಬಳೇ ಕೂತು ಪೂರ್ತಿ ನೋಡಿದೆ. ಎಲ್ಲಾ ಇದೆ. ಮಾಡಿದೋರು ಅನುಭವಿಸಲೇಬೇಕು."

ಮೊ ಬಾಗಿಲಿನ ತಿರುಪಿನ ಮೇಲೆ ಬಗ್ಗಿದ.

ಅವಳ ಫೋನ್ ಬಡಿದುಕೊಂಡಿತು. ಹೆಸರು ನೋಡಿ ಮುಖ ಬಿಳಿಚಿತು. "ಹ್ಞೂಂ ರೀ... ಹಾಕ್ತಿದ್ದಾರೆ ರೀ..." ಎನ್ನುತ್ತ ಗೇಟಿನ ಆಚೆ ಹೋದಳು.

ಮೊ ಮಗನಿಗೆ ಫೋನ್ ಮಾಡಿದ. ಸ್ವಿಚ್ ಆಫ್. ನಿನ್ನೆ ಮಧ್ಯಾಹ್ನದಿಂದಲೂ ಹಾಗೇ. ಗೆಳೆಯನ ಕೋಣೆಯಲ್ಲಿ ಮಲಗಿರಬೇಕು ಎಂದುಕೊಂಡಿದ್ದ.

ಮಕ್ಕಳ ಕಳ್ಳನಿಗೆ ಏನು ಶಿಕ್ಷೆ ಎಂಬುದು ಅವನಿಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತು: ವರ್ಷಗಟ್ಟಲೆ ಜೈಲು, ಕೆಲವೊಮ್ಮೆ ಮರಣದಂಡನೆ. ತಾಯಿಯಿಲ್ಲದ ಹುಡುಗ. ಅವನಿಗೆ ತಾನು ಕಲಿಸಿದ್ದೇ ಒಂದು ಪಾಠ: ರಸ್ತೆಯಲ್ಲಿ ಬಿದ್ದವರನ್ನು ಎತ್ತಬೇಡ, ನೀನೇ ತಳ್ಳಿದೆ ಅನ್ನುತ್ತಾರೆ. ಜಗಳ ಬಿಡಿಸಬೇಡ. ತಲೆ ತಗ್ಗಿಸಿ ಹೋಗು. ಅಂಥ ಹುಡುಗ ಬೇರೆಯವರ ಕಾರಿಗೆ ಏಕೆ ಕೈಹಾಕಿದ?

ವ್ಯಾಕ್ಯೂಮ್ ಹಚ್ಚಿದ. ಅದರ ಗದ್ದಲ ಗ್ಯಾರೇಜಿನ ತುಂಬ ತುಂಬಿತು. ಮುಂದಿನ ಸೀಟಿಗೆ ಜಾರಿ ಪರದೆಯನ್ನು ಮುಟ್ಟಿದ.

ವಿಡಿಯೋಗಳ ಪಟ್ಟಿಯ ತುದಿಯಲ್ಲಿ ನಿನ್ನೆಯದರ ಚಿತ್ರ. ಅಂಚೆಚೀಟಿಯಷ್ಟು. ಎರಡು ಕಿವಿಯ ಕಿತ್ತಳೆ ಹೆಲ್ಮೆಟ್ಟು. ಎತ್ತಿದ ಕೈ. ಕೈಯಲ್ಲಿ ಇಟ್ಟಿಗೆ. ಆಲಿನ್‌ನ ಮುಖವೂ ಕಾಣುತ್ತಿತ್ತು, ಥೇಟ್ ಅವನ ತಾಯಿಯದೇ ಮುಖ.

ತೆರೆದು ನೋಡುವ ಧೈರ್ಯ ಬರಲಿಲ್ಲ. ನೋಡಿಬಿಟ್ಟರೆ ಅದು ನಿಜವಾಗಿಬಿಡುತ್ತದೆ.

'ಅಳಿಸು' ಒತ್ತಿದ. ಖಂಡಿತವಾಗಿಯೂ ಅಳಿಸಬೇಕೇ ಎಂದು ಕಾರು ಕೇಳಿತು. ಹೌದು ಎಂದ. ಮತ್ತೆಂದೂ ಸಿಗುವುದಿಲ್ಲ ಎಂದಿತು. ಅದಕ್ಕೂ ಹೌದು ಎಂದ.

ಆಮೇಲೆ ಕೆಲಸಕ್ಕೆ ಇಳಿದ. ಬಾಗಿಲೊಳಗಿನ ಚೂರನ್ನೆಲ್ಲ ಎಳೆದು ತೆಗೆದ. ಹೊಸ ಗಾಜನ್ನು ರಬ್ಬರಿನ ಸಂದಿಗೆ ಇಳಿಸಿದ, ತಿರುಪು ಬಿಗಿದ, ಒಳಹೊದಿಕೆ ಒತ್ತಿ ಕೂರಿಸಿದ. ಗುಂಡಿ ಒತ್ತಿದರೆ ಗಾಜು ಏರಿತು, ಇಳಿಯಿತು, ಏರಿತು. ಒಂದು ಗೀರೂ ಇಲ್ಲ. ಏನೂ ನಡೆದೇ ಇಲ್ಲವೇನೋ ಎಂಬಂತೆ.

ನಿಂಗ್ ಶ್ವೆ ಓಡಿ ಬಂದಳು.

"ಶೀಫು, ಕಾರಿಂದ ವಿಡಿಯೋನ ಪೆನ್‌ಡ್ರೈವ್‌ಗೆ ಹಾಕೋಕೆ ಬರುತ್ತಾ ನಿಮಗೆ? ಕ್ಯಾಮೆರಾ ಇರೋದು ನಮ್ಮನೆಯವರಿಗೆ ಈಗ ನೆನಪಾಗಿದೆ. ಇಲ್ಲಿಗೇ ಬರ್ತಿದ್ದಾರೆ. ಬಂದ್ರೆ ಅಳಿಸಿಬಿಡ್ತಾರೆ."

"ಅವರು... ಅವರು ಯಾಕೆ ಅಳಿಸ್ತಾರೆ?"

"ಅವರು ಕಾರಿನ ಹತ್ರ ಇರಲೇ ಇಲ್ಲ!" ಅವಳ ಮಾತುಗಳು ಒಂದರ ಮೇಲೊಂದು ಬಿದ್ದವು. "ಮಗೂನ ಒಳಗೆ ಬಿಟ್ಟು ಮಾಹ್‌ಜಾಂಗ್ ಜೂಜು ಆಡೋಕೆ ಕೂತುಬಿಟ್ಟಿದ್ರು. ಎಸಿ ತಾನಾಗೇ ನಿಂತುಹೋಗಿ, ಮಗು ಸೆಖೆಗೆ ಜ್ಞಾನ ತಪ್ಪಿದೆ. ಆ ಹುಡುಗ ಗಾಜು ಬಡಿದ. ಯಾರಾದ್ರೂ ಇದ್ದೀರಾ ಅಂತ ಗಂಟಲು ಹರಿಯೋ ಹಾಗೆ ಕೂಗಿದ. ಯಾರೂ ಬರಲಿಲ್ಲ. ಕೊನೆಗೆ ಒಡೆದು, ಮಗೂನ ಎತ್ಕೊಂಡು ಆಸ್ಪತ್ರೆ ಕಡೆ ಓಡಿದ. ಇವರು ತಮ್ಮ ತಪ್ಪು ಮುಚ್ಚಿಕೊಳ್ಳೋಕೆ ಕಳ್ಳ, ಕಳ್ಳ ಅಂತ ಕಿರುಚಿದ್ರು."

ಮೊ ಜೇಬಿನಲ್ಲಿದ್ದ ಕಿವಿಯನ್ನು ಮುಟ್ಟಿದ. ಅವಳು ಆಗಲೇ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಕಾರು ನಿಲ್ಲಿಸಿದ್ದ ಆ ಹಿತ್ತಲಲ್ಲಿ ಬೇರೆ ಕ್ಯಾಮೆರಾನೇ ಇಲ್ಲ ಶೀಫು. ಅವನನ್ನ ಉಳಿಸೋಕೆ ಇರೋದು ಇದೊಂದೇ," ಎನ್ನುತ್ತ ನಿಂಗ್ ಶ್ವೆ ಪರದೆಯನ್ನು ಮುಟ್ಟಿದಳು.