ಉಗುರುಬೆಚ್ಚಗಿನ ನೀರು

ಕಾದ ಮರಳಿಗೆ ಸುರಿದ ಅಕ್ಕಿ ಅರಳಲೇ ಇಲ್ಲ. ಹಮ್ಜಾ ಜರಡಿ ಹಿಡಿದು ನೋಡಿದ. ಮಂಡಕ್ಕಿಯಲ್ಲ, ಹಲ್ಲು ಮುರಿಯುವ ಕಲ್ಲು. ತಾಯಿ ರಹಮತ್ ಬೀ ಒಂದು ಕಾಳು ಕಚ್ಚಿ ಉಗಿದಳು. ಭತ್ತ ಸರಿಯಾಗಿ ನೆನೆದಿಲ್ಲ ಎಂದಳು. ಹಿಂಗೇ ಆದರೆ ಮಂಡಕ್ಕಿ ಭಟ್ಟಿಗೆ ಬೀಗವೇ ಗತಿ.

ಅಪ್ಪ ಬಡೇಸಾಬ್ ಇದ್ದ ಕಾಲದಿಂದಲೂ ಅವರ ಭತ್ತ ನೆನೆಸುವ ತೊಟ್ಟಿಗೆ ಪಕ್ಕದ ರೈಸ್ ಮಿಲ್ಲಿನ ಬಾಯ್ಲರಿನಿಂದ ಬಿಸಿನೀರು ಬರುತ್ತಿತ್ತು. ಮಿಲ್ಲಿನವರು ಹೊರಗೆ ಬಿಡುತ್ತಿದ್ದ ನೀರಿಗೆ ಇವರೇ ಪೈಪು ಹಾಕಿಕೊಂಡಿದ್ದರು. ಋಣಕ್ಕೆ ಮಾಲೀಕ ಮಲ್ಲೇಶಪ್ಪನ ಮನೆಗೆ ಹಬ್ಬಕ್ಕೊಂದು ಚೀಲ ಮಂಡಕ್ಕಿ. ಹೋದ ವಾರದಿಂದ ಪೈಪಿನಲ್ಲಿ ಬರುತ್ತಿರುವುದು ಉಗುರುಬೆಚ್ಚಗಿನ ನೀರು.

ಹಮ್ಜಾ ಆ ಕಲ್ಲಿನಂಥ ಕಾಳುಗಳನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಮಿಲ್ಲಿಗೆ ನುಗ್ಗಿದ. ಅಲ್ಲಿ ಹರಿಹರದ ಇಂಜಿನಿಯರ್ ಮಾರುತಿ, ಹೊಸ ಯಂತ್ರಕ್ಕೆ ನಿಂಬೆಹಣ್ಣು ಕಟ್ಟಿಸಿ, ಮದುವೆ ಮನೆಯ ಯಜಮಾನನಂತೆ ನಿಂತಿದ್ದ. ಬಿಸಿನೀರಿನ ಶಾಖ ಹೀರಿ ಕರೆಂಟು ತೆಗೆಯುವ ಯಂತ್ರವಂತೆ. ಇಷ್ಟು ವರ್ಷ ಚರಂಡಿ ಪಾಲಾಗುತ್ತಿದ್ದ ಶಾಖವನ್ನು ತಾನು ಉಳಿಸಿದ ಕಥೆಯನ್ನು, ದೇಶವನ್ನೇ ಉಳಿಸಿದವನ ಧಾಟಿಯಲ್ಲಿ ಹೇಳಿದ.

“ಚರಂಡಿಗೆಲ್ಲಿ ಹೋಗತಿತ್ತು ಸಾರ್? ನಮ್ಮ ತೊಟ್ಟಿಗೆ ಬರತಿತ್ತು.”

“ನಿಮ್ಮ ತೊಟ್ಟಿ ನಮ್ಮ ಡ್ರಾಯಿಂಗ್‌ನಾಗ ಇಲ್ಲ ತಮ್ಮಾ.”

ಕರೆಂಟು ಎಷ್ಟು ಬರುತ್ತದೆಂದು ಹಮ್ಜಾ ಕೇಳಿದ. ಮಾರುತಿಯ ದನಿ ತಗ್ಗಿತು. ಹೆಚ್ಚಿನದು ಯಂತ್ರದ ಪಂಪುಗಳಿಗೇ ಬೇಕು, ಉಳಿದದ್ದು ಗೇಟಿನ ಬೋರ್ಡಿಗೆ. ಬೋರ್ಡು ನಡುಹಗಲಲ್ಲೇ ಝಗಝಗ ಉರಿಯುತ್ತಿತ್ತು: ‘ಇಲ್ಲಿ ಶಾಖ ವ್ಯರ್ಥವಾಗುವುದಿಲ್ಲ.’

ಹಮ್ಜಾ ಟವೆಲ್ಲು ಬಿಚ್ಚಿದ. “ನಿಮ್ಮ ಮಷೀನಿನ ಪ್ರಸಾದ ಸಾರ್. ತಗೊಳ್ರಿ, ಬ್ಯಾಡ ಅನ್ನಬಾರ್ದು.” ಮಾರುತಿ ಭಕ್ತಿಯಿಂದ ಒಂದು ಹಿಡಿ ಬಾಯಿಗೆ ಹಾಕಿ ಕಚ್ಚಿದ. ಆಮೇಲೆ ಅವನ ಭಾಷಣ ನಿಂತಿತು.

ಸಂಜೆ ಹಮ್ಜಾ ಅಂಗಳದಲ್ಲಿ ಕಲ್ಲು ಜೋಡಿಸಿ ಹೊಸ ಒಲೆ ಹೂಡಿದ. ಅದೇ ಮಿಲ್ಲಿನಿಂದ ಕೊಂಡು ತಂದ ಹೊಟ್ಟು ತುಂಬಿ, ಹಂಡೆ ಏರಿಸಿ, ಮಿಲ್ಲಿನವರ ವಂಶವನ್ನೆಲ್ಲ ಬೈಯುತ್ತ ಊದತೊಡಗಿದ.

“ನಿನ್ನ ಸಿಟ್ಟಿಗೇ ನೀರು ಕಾಯೋ ಹಂಗಿದ್ರೆ ಹೊಟ್ಟು ಯಾಕ ಬೇಕಿತ್ತು ಬೇಟಾ,” ಎಂದಳು ರಹಮತ್ ಬೀ.

ಅಷ್ಟರಲ್ಲಿ ಊದಿದ ದವಡೆ ಹಿಡಿದುಕೊಂಡು ಮಾರುತಿ ಒಳಗೆ ಬಂದ. ಕ್ಷಮೆ ಕೇಳಲು ಬಂದನೇನೋ ಎಂದು ರಹಮತ್ ಬೀ ಮಣೆ ಸರಿಸಿದಳು. ಅವನು ಕೂರಲಿಲ್ಲ. ಒಲೆಯ ಹತ್ತಿರ ಅಂಗೈ ಚಾಚಿದ. ಅವನ ಮುಖ ಅರಳಿತು.

“ಎಷ್ಟು ಬಿಸಿ ಐತಲ್ಲಮ್ಮಾ, ಎಲ್ಲಾ ಸುಮ್ನೆ ಗಾಳಿಗೆ ಹೋಗ್ತೈತಿ,” ಎಂದು ಕಿಸೆಯಿಂದ ಅಳತೆಯ ಟೇಪು ಎಳೆದ.