ಫ್ಲಾಕ್ಸ್ ಎಲೆಯ ಮೇಲಿನ ಬೂದಿ

ಬೆಳಿಗ್ಗೆ ಕಿಟಕಿ ತೆರೆದ ನಾಗಶ್ರೀಗೆ ಕಂಡದ್ದು ಬೇಲಿಯಾಚೆಯಿಂದ ಚಾಚಿದ ಒಂದು ಕೈ. ಪಕ್ಕದ ಮನೆಯ ಗಂಗಕ್ಕ ಚೊಂಬಿನಲ್ಲಿ ಬೆರಳದ್ದಿ ಈ ಅಂಗಳದ ಫ್ಲಾಕ್ಸ್ ಹೂಗಿಡಗಳ ಮೇಲೆ ಏನನ್ನೋ ಚಿಮುಕಿಸುತ್ತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು.

ಆಕೆ ಒಳಗೆ ಹೋದ ಮೇಲೆ ನಾಗಶ್ರೀ ತುಂಬಿದ ಹೊಟ್ಟೆ ಹಿಡಿದುಕೊಂಡು ಅಂಗಳಕ್ಕಿಳಿದಳು. ಎದೆಯೆತ್ತರ ಬೆಳೆದ ಗಿಡಗಳ ಎಲೆಎಲೆಯ ಮೇಲೂ ಬಿಳಿ ಬೂದಿ.

ಗಂಡ ದೇವಾನಂದ ಕಾರವಾರದಿಂದ ತಂದು ನೆಟ್ಟಿದ್ದ ಗಿಡ. ತಮ್ಮೂರು ಬೆಳಂಬಾರದ ಸೆಕೆಗೆ ಎರಡು ವರ್ಷ ಹೂಬಿಡದೆ ಸತಾಯಿಸಿ, ಅವಳ ಬಸಿರು ನಿಂತ ಈ ವರ್ಷವೇ ಗುಲಾಬಿ ಬಣ್ಣದ ಗೊಂಚಲೆತ್ತಿತ್ತು. ಹಿಂದಿನ ಎರಡು ಬಸಿರೂ ಉಳಿದಿರಲಿಲ್ಲ. ಗಿಡ ಉಳಿದರೆ ಕೂಸೂ ಉಳಿಯುತ್ತದೆ ಎಂದು ಅವಳು ಯಾರಿಗೂ ಹೇಳದೆ ನಂಬಿಕೊಂಡಿದ್ದಳು.

ಕೆಲಸದ ಮೇಲೆ ಕಾರವಾರದಲ್ಲಿದ್ದ ಗಂಡನಿಗೆ ಫೋನು ಮಾಡಿದಳು. ಬೂದಿ ರೋಗ ಇರಬೇಕು, ಮಳೆ ಕಳೆದ ಮೇಲೆ ಬರುವುದೇ, ಹೆದರಬೇಡ ಎಂದ. ರೋಗವನ್ನೂ ಯಾರಾದರೂ ಹಚ್ಚಿಹೋಗಬಹುದಲ್ಲ, ಎನಿಸಿತು ಅವಳಿಗೆ. ಮಕ್ಕಳಿಲ್ಲದ ಗಂಗಕ್ಕನ ಕಣ್ಣಿನ ಬಗ್ಗೆ ಕೇರಿಯವರು ಆಡುವ ಮಾತು ಗೊತ್ತೇ ಇತ್ತು. ಲಿಂಬೆಹಣ್ಣಿಗೆ ಕುಂಕುಮ ಮೆತ್ತಿ, ಮೊಳೆ ಚುಚ್ಚಿ, ಗಂಗಕ್ಕನ ಬಾಗಿಲಿಗೆ ಮುಖ ಮಾಡಿ ಬೇಲಿಗೆ ಕಟ್ಟಿದಳು. ಕೈ ನಡುಗಿ ದಾರ ಜಾರಿತು. ಮತ್ತೆ ಬಿಗಿದು ಗಂಟು ಹಾಕಿದಳು.

ಮಾರನೆಯ ಬೆಳಿಗ್ಗೆ ಅಂಗಳದಲ್ಲೇ ಕಾದು ನಿಂತಳು. ಗಂಗಕ್ಕ ಚೊಂಬು ಹಿಡಿದು ಬಂದಳು.

"ಅದ್ರಲ್ಲಿ ಎಂತ ಅದೆ ಗಂಗಕ್ಕ?"

"ಹುಳಿ ಮಜ್ಜಿಗೆ. ಬೂದಿ ಹಿಡ್ದ ಎಲೆಗೆ ಒಳ್ಳೇದು, ನಮ್ಮವ್ವಿ ಸೌತೆ ಬಳ್ಳಿಗೆ ಹಾಕ್ತಿತ್ತು. ನಿಂಗೆ ಈಗ ಬಗ್ಗುಕೆ ಆಗುದಿಲ್ಲ, ಅದ್ಕೆ ನಾನೇ ಹಾಕ್ತೆ." ಗಂಗಕ್ಕ ನಕ್ಕಳು. "ಹುಡುಗಿ ಹೆರೂವರಿಗಾದ್ರೂ ಒಣಗಬೇಡ ಅಂತ ದಿನಾ ಬೈತೆ ಇದ್ಕೆ."

ಆಗ ಲಿಂಬೆಹಣ್ಣು ಅವಳ ಕಣ್ಣಿಗೆ ಬಿತ್ತು. ಮುಖದ ನಗು ಇಂಗಿಹೋಯಿತು. ಚೊಂಬನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾರೋ ನಿನ್ನ ಬೇಲಿಗೆ ಮಾಟ ಕಟ್ಟೀರು, ಮಗಾ. ಹಿಂದೆ ಸರಿ. ನೀ ಮುಟ್ಟಬೇಡ."

ನಾಗಶ್ರೀ ಲಿಂಬೆಹಣ್ಣಿಗೆ ಕೈ ಅಡ್ಡ ಹಿಡಿದಳು. "ಬಿಡು ಗಂಗಕ್ಕ, ಅದು..."

"ನಾ ತೆಗಿತೆ. ನಂದು ಹೋಗುಕೆ ಎಂತ ಉಳ್ದದೆ?"

ಗಂಟು ಬಿಗಿಯಾಗಿತ್ತು. ಬಿಚ್ಚುವಾಗ ಗಂಗಕ್ಕನ ಕೈಯೂ ನಡುಗುತ್ತಿತ್ತು.