ನಾಯಿಫನ ದಪ್ಪ ಕೋಟು

ನನ್ನ ಒಂಟೆಯಾಣೆಗೂ ಇದು ನಮ್ಮ ಮರುಭೂಮಿಯ ಮಆನ್ ಹೆದ್ದಾರಿಯಲ್ಲಿ ನಡೆದದ್ದೇ. ಮಗುಚಿದ ಪಿಕಪ್ಪಿನೊಳಗೆ ಸಿಕ್ಕಿಕೊಂಡಿದ್ದ ಮುದುಕ ಅಬು ಸತ್ತಾಮ್, ಬಾಗಿಲು ಕೊಯ್ಯಲು ಬಂದ ರಕ್ಷಣಾ ದಳದ ನಾಯಿಫನನ್ನು ಕಂಡು ಮುಖ ಸಿಂಡರಿಸಿದ. ಮಗಳನ್ನು ಮದುವೆಗೆ ಕೇಳಿಕೊಂಡು ಬಂದಿದ್ದ ಇದೇ ಹುಡುಗನನ್ನು ಅವನು ಹೊಸ್ತಿಲಿಂದಲೇ ಅಟ್ಟಿದ್ದ.

ಗರಗಸದ ಕಿಡಿ ತಾಗದಿರಲೆಂದು ನಾಯಿಫ್ ತನ್ನ ಬೆಂಕಿ ತಡೆಯುವ ಕೋಟು ಬಿಚ್ಚಿ ಮುದುಕನಿಗೆ ಹೊದಿಸಹೋದ.

“ತೆಗಿಯೋ ಅದನ್ನ! ನಿನ್ನ ಮೇಲಂಗಿ ಹೊದ್ರೆ ನಿನ್ನ ಆಸರೆಗೆ ಬಂದ ಹಾಗೆ. ಆಮೇಲೆ ನೀನು ಕೇಳಿದ್ದಕ್ಕೆ ಇಲ್ಲ ಅನ್ನೋ ಹಾಗಿಲ್ಲ!”

“ಹಾಗಾದ್ರೆ ಇಲ್ಲೇ ಇರ್ತೀರಾ ಮಾವ? ಚಹಾ ತರಿಸ್ಲಾ?”

ಚಾವಣಿಯ ತಗಡು ಕಿರ್ರೆಂದು ಇನ್ನಷ್ಟು ಒಳಕ್ಕೆ ಕುಸಿಯಿತು. ಮುದುಕ ತಾನೇ ಕೋಟನ್ನೆಳೆದು ತಲೆತುಂಬ ಹೊದ್ದುಕೊಂಡು ಒಳಗಿಂದ ಗೊಣಗಿದ: “ಶುಕ್ರವಾರ ನಿಮ್ಮಪ್ಪನ್ನ ಕರ್ಕೊಂಡು ಬಾ. ಒಪ್ಪಿಗೆಯ ಕಾಫಿ ಕುಡಿಸ್ತೀನಿ.”

ಮದುವೆ ಮುಂದಿನ ವಾರ. ನಂಬದವರು ಬಂದು ನೋಡಿ. ಬರಿಗೈಲಿ ಮಾತ್ರ ಬರಬೇಡಿ, ಕೊಬ್ಬಿದ ಕುರಿಯೊಂದು ಜೊತೆಗಿರಲಿ.